ಹಾಯಿ ಇಳಿಸಿದ ಹಿಂಕ್ಲಿ: ಒಂದು ಪಿಕ್ನಿಕ್ ದೋಣಿಯ ಪ್ರಕರಣ ಅಧ್ಯಯನ

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಮೌಂಟ್ ಡೆಸರ್ಟ್ ಎಂಬ ದ್ವೀಪವಿದೆ. ಅಲ್ಲಿನ ಸೌತ್‌ವೆಸ್ಟ್ ಹಾರ್ಬರ್ ಎಂಬ ಪುಟ್ಟ ಊರಿನ ಹಿಂಕ್ಲಿ ಕಂಪನಿ 1994ರಲ್ಲಿ ಒಂದು ಹೊಸ ದೋಣಿ ಹೊರತಂದಿತು. ಉದ್ದ 36 ಅಡಿ. ಹಾಯಿ ಇಲ್ಲ, ಹಾಯಿಕಂಬ ಇಲ್ಲ, ಕೆಳಗೆ ನೋಡಿದರೆ ಪ್ರೊಪೆಲ್ಲರ್ ಕೂಡ ಇಲ್ಲ. ಒಳಗೆ ಇಬ್ಬರು ಕಷ್ಟಪಟ್ಟು ಮಲಗಬಹುದಾದ ಒಂದು ಗೂಡು, ಚಹಾ ಕಾಯಿಸುವಷ್ಟು ಅಡುಗೆಕಟ್ಟೆ. ಉಳಿದದ್ದೆಲ್ಲ ಕಾಲು ಚಾಚಿ ಕೂರುವ ಜಾಗ. ಇಟ್ಟ ಹೆಸರು 'ಪಿಕ್ನಿಕ್ ಬೋಟ್'.

ಅದುವರೆಗೆ ಹಿಂಕ್ಲಿ ಎಂದರೆ ಜನರ ಕಣ್ಮುಂದೆ ಬರುತ್ತಿದ್ದದ್ದು ಸಾಗರ ದಾಟುವ ಹಾಯಿದೋಣಿ. ಹಾಗಾಗಿ ಈ ಹೆಸರು ಕೇಳಿದ ಹಳೆಯ ನಾವಿಕರಿಗೆ ಹೇಗೆ ಅನ್ನಿಸಿರಬಹುದೆಂದು ಊಹಿಸಬಹುದು. ದೊಡ್ಡ ಸಂಗೀತ ವಿದ್ವಾಂಸರೊಬ್ಬರು ಮಕ್ಕಳ ಪದ್ಯದ ಕ್ಯಾಸೆಟ್ ತಂದ ಹಾಗೆ. ಆದರೆ ಮುಂದಿನ ಕೆಲವು ವರ್ಷಗಳಲ್ಲಿ ಕಂಪನಿಯನ್ನು ಹೊತ್ತು ನಡೆಸಿದ್ದು ಇದೇ ದೋಣಿ.

ದೊಡ್ಡ ದೋಣಿ ಕಟ್ಟುವವರು ಹೊಸ ಗಿರಾಕಿಗಳಿಗಾಗಿ ಸಣ್ಣ ದೋಣಿ ಕಟ್ಟುವುದು ಈ ಉದ್ಯಮದಲ್ಲಿ ಹೊಸದಲ್ಲ. ಸಾಮಾನ್ಯವಾಗಿ ಅದರ ಲೆಕ್ಕ ಹೀಗಿರುತ್ತದೆ: ಉದ್ದ ಕಡಿಮೆ ಮಾಡು, ಬೆಲೆ ಇಳಿಸು, ಕೊಂಡವನು ನಾಲ್ಕೈದು ವರ್ಷದಲ್ಲಿ ದೊಡ್ಡದಕ್ಕೆ ಬರುತ್ತಾನೆಂದು ಕಾಯಿ. ಹಿಂಕ್ಲಿಯ ಪ್ರಕರಣ ನನಗೆ ರುಚಿಸುವುದು ಅದು ಈ ಲೆಕ್ಕದ ಮೊದಲ ಭಾಗವನ್ನಷ್ಟೇ ಪಾಲಿಸಿದ್ದರಿಂದ. ದೋಣಿ ಚಿಕ್ಕದಾಯಿತು, ಆದರೆ ಅಗ್ಗವಾಗಲಿಲ್ಲ. ಹಾಗಿದ್ದೂ ಹೊಸಬರು ಬಂದರು.

ಮೂವತ್ತೆರಡು ವರ್ಷಕ್ಕೆ 203 ದೋಣಿ

ಬೆಂಜಮಿನ್ ಹಿಂಕ್ಲಿ ಈ ಬೋಟ್‌ಯಾರ್ಡನ್ನು, ಅಂದರೆ ದೋಣಿ ಕಟ್ಟುವ ಅಂಗಳವನ್ನು, ಕೊಂಡದ್ದು 1928ರಲ್ಲಿ. ಮಗ ಹೆನ್ರಿ ಎಂಜಿನಿಯರ್. ದೋಣಿ ಕಟ್ಟುವ ಕೆಲಸವನ್ನು ಬೆಳೆಸಿದವನು ಅವನೇ. ಮೊದಲು ಮರದ ದೋಣಿ. ಫೈಬರ್‌ಗ್ಲಾಸ್ ಇನ್ನೂ ಅನುಮಾನದ ವಸ್ತುವಾಗಿದ್ದ ಕಾಲದಲ್ಲಿ, 1959ರಲ್ಲಿ, ಬಿಲ್ ಟ್ರಿಪ್ ವಿನ್ಯಾಸ ಮಾಡಿದ 'ಬರ್ಮುಡಾ 40' ಬಂತು. ಒಡಲು ಫೈಬರ್‌ಗ್ಲಾಸ್, ಒಳಗಿನ ಮರಗೆಲಸ ಮಾತ್ರ ಹಿಂದಿನಷ್ಟೇ ನಯ. ಈ ಮಾದರಿಯನ್ನು 1991ರವರೆಗೂ ಕಟ್ಟಿದರು. ಒಟ್ಟು 203. ವರ್ಷಕ್ಕೆ ಸರಾಸರಿ ಆರು ಎಂದಾಯಿತು. ಇದು ಕಾರ್ಖಾನೆಯ ಲೆಕ್ಕವಲ್ಲ, ಅಕ್ಕಸಾಲಿಗನ ಲೆಕ್ಕ.

ಹೆನ್ರಿ 1979ರಲ್ಲಿ ಕಂಪನಿಯನ್ನು ಹೊರಗಿನವರಿಗೆ ಮಾರಿದ. 1982ರಲ್ಲಿ ಮಗ ಬಾಬ್ ಹಿಂಕ್ಲಿ, ಶೆಪರ್ಡ್ ಮೆಕೆನಿ ಎಂಬ ಪಾಲುದಾರನ ಜೊತೆ ಸೇರಿ ಅದನ್ನು ಮರಳಿ ಕೊಂಡ. ಮೆಕೆನಿಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಂಬತ್ತರ ದಶಕದಲ್ಲಿ ಕಂಪನಿ ಹೋದದ್ದು ಮೇಲ್ಮುಖವಾಗಿ. 'ಸೌವೆಸ್ಟರ್' ಸಾಲಿನಲ್ಲಿ 42 ಅಡಿ, 51 ಅಡಿ, 59 ಅಡಿಯ ದೋಣಿಗಳು ಬಂದವು. ಇದು ಸಹಜ. ಹಳೆಯ ಗಿರಾಕಿ ಬಂದು ಇನ್ನೂ ಸ್ವಲ್ಪ ದೊಡ್ಡದು ಬೇಕು ಅನ್ನುತ್ತಾನೆ. ದೊಡ್ಡ ದೋಣಿಯಲ್ಲಿ ಲಾಭವೂ ದೊಡ್ಡದು, ಕಟ್ಟುವವನಿಗೆ ಹೆಮ್ಮೆಯೂ ದೊಡ್ಡದು. ತೊಂದರೆ ಏನೆಂದರೆ ಗಿರಾಕಿಯ ಜೊತೆಗೆ ಅವನ ವಯಸ್ಸೂ ಮೇಲೇರುತ್ತದೆ. ಐವತ್ತರಲ್ಲಿ 42 ಅಡಿ ಕೊಂಡವನು ಅರವತ್ತರಲ್ಲಿ 51 ಅಡಿ ಕೊಂಡಾನು. ಎಪ್ಪತ್ತರಲ್ಲಿ ಮಂಡಿ ಹಿಡಿದುಕೊಂಡು ಡೆಕ್ ಮೇಲೆ ಹಾಯಿ ಎಳೆಯಲು ಹೋಗುವುದಿಲ್ಲ. ಅವನ ಹಿಂದೆ ಸಾಲಿನಲ್ಲಿ ಯಾರಿದ್ದಾರೆ ಎಂದು ತಿರುಗಿ ನೋಡಿದರೆ ಸಾಲೇ ಇಲ್ಲ.

ಅದರ ಮೇಲೆ ತೆರಿಗೆಯ ಬರೆ. 1990ರಲ್ಲಿ ಅಮೆರಿಕದ ಸಂಸತ್ತು ಐಷಾರಾಮಿ ವಸ್ತುಗಳ ಮೇಲೆ ಹೊಸ ತೆರಿಗೆ ಹಾಕಿತು. 1991ರ ಜನವರಿ 1ರಿಂದ ದೋಣಿಯ ಬೆಲೆ 1,00,000 ಡಾಲರ್ ದಾಟಿದರೆ, ದಾಟಿದ ಮೊತ್ತದ ಮೇಲೆ ಶೇ. 10. ಐದು ಲಕ್ಷ ಡಾಲರಿನ ಹಾಯಿದೋಣಿಗೆ ನಲವತ್ತು ಸಾವಿರ ಹೆಚ್ಚುವರಿ. ಅಷ್ಟು ದುಡ್ಡಿರುವವನಿಗೆ ಇದೇನು ಮಹಾ ಎಂದು ಶಾಸನ ಬರೆದವರಿಗೆ ಅನಿಸಿದ್ದೀತು. ಆದರೆ ಯಾಟ್ ಎಂಬ ವಿಹಾರದೋಣಿ ಅಕ್ಕಿಯಲ್ಲ. ಈ ವರ್ಷ ಬೇಡವೆಂದರೆ ಮುಂದಿನ ವರ್ಷ, ಹೊಸದು ಬೇಡವೆಂದರೆ ಹಳೆಯದು. ಶ್ರೀಮಂತರು ಸುಮ್ಮನೆ ಕೈಕಟ್ಟಿ ಕುಳಿತರು. ಆಗಲೇ ಆರ್ಥಿಕ ಹಿಂಜರಿತವೂ ಇತ್ತು. ತೆರಿಗೆಯ ಪೆಟ್ಟು ಬಿದ್ದದ್ದು ಬಡಗಿ, ಬಣ್ಣ ಬಳಿಯುವವ, ಫೈಬರ್ ಕೆಲಸದವರ ಮೇಲೆ. ದೇಶದುದ್ದಕ್ಕೂ ಯಾರ್ಡುಗಳು ಆಳು ಕಡಿಮೆ ಮಾಡಿದವು. 1993ರ ಆಗಸ್ಟಿನಲ್ಲಿ ದೋಣಿಗಳ ಮೇಲಿನ ಈ ತೆರಿಗೆಯನ್ನು ತೆಗೆದುಹಾಕಿದರು. ಅಷ್ಟರಲ್ಲಿ ಉದ್ಯಮಕ್ಕೆ ಒಂದು ಪಾಠ ಆಗಿತ್ತು: ವರ್ಷಕ್ಕೆ ಐದಾರು ದೊಡ್ಡ ದೋಣಿ ನಂಬಿ ಕೂತರೆ ಎರಡು ಆರ್ಡರ್ ತಪ್ಪಿದರೂ ಒಲೆ ಆರುತ್ತದೆ.

ಬಾಗಿಲಿಗೆ ಅಡ್ಡವಾಗಿದ್ದದ್ದು ಯಾವುದು

ಇಲ್ಲಿ ಸುಲಭದ ಉಪಾಯವೊಂದಿತ್ತು. ಇಪ್ಪತ್ತೈದು ಅಡಿಯ ಸರಳ ಹಾಯಿದೋಣಿ ಕಟ್ಟಿ, ಅದಕ್ಕೆ ಹಿಂಕ್ಲಿ ಎಂದು ಹೆಸರು ಅಂಟಿಸಿ, ಲಕ್ಷ ಡಾಲರಿನ ಗೆರೆಯ ಕೆಳಗೆ ಮಾರುವುದು. ಅಂಥದ್ದನ್ನು ಹಿಂಕ್ಲಿಗಿಂತ ಎಷ್ಟೋ ಕಡಿಮೆ ಬೆಲೆಗೆ ಕಟ್ಟಿಕೊಡುವವರು ಆಗಲೇ ಇದ್ದರು. ಗಂಟೆಗಟ್ಟಲೆ ವಾರ್ನಿಷ್ ಉಜ್ಜುವ ಕೈಗಳಿಗೆ ಆ ಪೈಪೋಟಿ ಹೊಂದುತ್ತಿರಲಿಲ್ಲ.

ಕಂಪನಿ ಬೇರೆ ಕಡೆ ನೋಡಿತು. ಮೌಂಟ್ ಡೆಸರ್ಟ್ ಸುತ್ತ ಬೇಸಿಗೆ ಮನೆ ಇಟ್ಟುಕೊಂಡವರಲ್ಲಿ ದುಡ್ಡಿಗೆ ಬರವಿಲ್ಲ. ರಾಕ್‌ಫೆಲರ್ ಕುಟುಂಬ ತಲೆಮಾರುಗಳಿಂದ ಬೇಸಿಗೆ ಕಳೆದ ದ್ವೀಪ ಅದು. ಈ ಜನ ಯಾಟ್ ಕೊಳ್ಳುತ್ತಿರಲಿಲ್ಲವೆಂದರೆ ಕಾರಣ ಬೆಲೆಯಲ್ಲ. ಹಾಯಿ ಕಟ್ಟುವುದನ್ನು ಕಲಿಯಬೇಕು, ಅದಕ್ಕೆ ವರ್ಷಗಳು ಬೇಕು. ಜೊತೆಗೆ ಒಬ್ಬಿಬ್ಬರು ಬಲ್ಲವರು ಬೇಕು. ಗಾಳಿ ಬೇಕು. ಮೇನ್‌ನಲ್ಲಿ ಬೇಸಿಗೆ ಎಂದರೆ ಎರಡು ಮೂರು ತಿಂಗಳು, ಅದರಲ್ಲೂ ಅರ್ಧ ದಿನ ಮಂಜು. ಬೆಳಿಗ್ಗೆ ಮಂಜು ಹರಿಯುವವರೆಗೆ ಕಾದು, ಗಾಳಿ ಹಿಡಿದು ಹೊರಟು, ದ್ವೀಪ ಮುಟ್ಟುವ ಹೊತ್ತಿಗೆ ಊಟದ ಹೊತ್ತು ಮೀರಿರುತ್ತದೆ. ಹಿಂದಿರುಗುವಾಗ ಗಾಳಿ ನಿಂತರೆ ಮಕ್ಕಳ ಅಳು, ಹೆಂಡತಿಯ ಮೌನ.

ಅವರಿಗೆ ನಿಜಕ್ಕೂ ಬೇಕಾಗಿದ್ದದ್ದು ಬುಟ್ಟಿಯಲ್ಲಿ ಊಟ ಕಟ್ಟಿಕೊಂಡು ಹನ್ನೊಂದಕ್ಕೆ ಹೊರಟು, ಯಾವುದೋ ಕಲ್ಲುದಡದ ದ್ವೀಪದಲ್ಲಿ ಉಂಡು, ನಾಲ್ಕಕ್ಕೆ ಮನೆ ಸೇರುವುದು. ಆ ದ್ವೀಪಗಳ ನಡುವೆ ದೋಣಿಯಲ್ಲಿ ಪಿಕ್ನಿಕ್ ಹೋಗುವುದು ಅಲ್ಲಿನ ಹಳೆಯ ರೂಢಿ. ಹೆಸರು ಬಂದದ್ದೂ ಅಲ್ಲಿಂದಲೇ. ಮಾರಾಟ ವಿಭಾಗ ಕೂತು ಹುಟ್ಟಿಸಿದ ಹೆಸರು ಇಷ್ಟು ಸಾದಾ ಇರುವುದಿಲ್ಲ ಎಂದು ನನ್ನ ಅನುಭವ.

ವಿನ್ಯಾಸಕ್ಕೆ ಬ್ರೂಸ್ ಕಿಂಗ್‌ನನ್ನು ಹಿಡಿದರು. ಆತ ಎರಿಕ್ಸನ್ ಹಾಯಿದೋಣಿಗಳಿಂದ ಹಿಡಿದು ಭಾರಿ ಸಾಂಪ್ರದಾಯಿಕ ಯಾಟ್‌ಗಳವರೆಗೆ ಗೆರೆ ಎಳೆದ ಮನುಷ್ಯ. ಮೋಟಾರ್ ಬೋಟಿಗೆ ಹಾಯಿದೋಣಿಯ ವಿನ್ಯಾಸಕಾರನೇ ಏಕೆ ಎಂದರೆ ಉತ್ತರ ದೋಣಿಯ ಅಂದದಲ್ಲಿದೆ. ಎತ್ತರದ ಮೂತಿ, ಹಿಂದಕ್ಕೆ ಬರಬರುತ್ತ ನೀರಿನ ಮಟ್ಟಕ್ಕೆ ತಗ್ಗುವ ಅಂಚು, ಹಿಂಭಾಗದಲ್ಲಿ ಒಳಕ್ಕೆ ಬಾಗಿದ ಪಕ್ಕೆ. ಇದು ಮೇನ್‌ನಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಕಡಲಜೀವಿ ಹಿಡಿಯುವ ಮೀನುಗಾರರ ದೋಣಿಯ ಆಕಾರ. ಬೋನುಗಳನ್ನು ನೀರಿಂದ ಎಳೆದುಕೊಳ್ಳಲು ಹಿಂದೆ ತಗ್ಗು, ಅಲೆ ಸೀಳಲು ಮುಂದೆ ಎತ್ತರ. ದುಡಿಮೆಗಾಗಿ ಹುಟ್ಟಿದ ಆಕಾರವನ್ನು ತೆಗೆದುಕೊಂಡು ವಾರ್ನಿಷ್ ಹಚ್ಚಿ ವಿಹಾರಕ್ಕೆ ಬಿಟ್ಟರು. ಮೀನುಗಾರರು ನಕ್ಕರೋ ಬೈದರೋ, ನೋಡುಗರ ಕಣ್ಣಿಗೆ ಅದು ಆ ಊರಿನದೇ ದೋಣಿಯಾಗಿ ಕಂಡಿತು.

ಬೆಂಡುಗಳ ಕಾಡು

ಈ ಪ್ರಕರಣದ ತಿರುಳು ದೋಣಿಯ ತಳದಲ್ಲಿದೆ. ಮೇನ್ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಕಡಲ ಮೇಲೆಲ್ಲ ಬಣ್ಣಬಣ್ಣದ ಬೆಂಡುಗಳು. ಪ್ರತಿ ಬೆಂಡಿನ ಕೆಳಗೆ ಹಗ್ಗ, ಹಗ್ಗದ ತುದಿಯಲ್ಲಿ ಲಾಬ್‌ಸ್ಟರ್ ಬೋನು. ಇವುಗಳ ನಡುವೆ ದೋಣಿ ಓಡಿಸುವುದೆಂದರೆ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಭಯವನ್ನು ಇಡೀ ದಿನ ಹೊತ್ತು ತಿರುಗಿದಂತೆ. ಸುತ್ತಿಕೊಂಡರೆ ಕೊರೆಯುವ ನೀರಿಗೆ ಇಳಿದು ಕತ್ತರಿಸಬೇಕು. ನಮ್ಮ ಮಲ್ಪೆ, ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಫ್ಯಾನಿಗೆ ಬಲೆ ಸುತ್ತಿತು' ಎಂಬ ಒಂದು ಮಾತಿಗೆ ಅಲ್ಲಿ ಏನೇನು ಅರ್ಥವಿದೆ ಎಂದು ಬೋಟಿಗೆ ಹೋದವರನ್ನು ಕೇಳಬೇಕು.

ಪಿಕ್ನಿಕ್ ಬೋಟಿಗೆ ಫ್ಯಾನೇ ಇಲ್ಲ. ಅದರಲ್ಲಿ ಇದ್ದದ್ದು ಹ್ಯಾಮಿಲ್ಟನ್ ಜೆಟ್. ಇದನ್ನು ರೂಪಿಸಿದವನು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಕುರಿ ಸಾಕುತ್ತಿದ್ದ ಜಮೀನ್ದಾರ, ಜೊತೆಗೆ ಹುಟ್ಟಾ ಯಂತ್ರಗಾರ. ತನ್ನ ಸೀಮೆಯ ಮೊಣಕಾಲುದ್ದದ ಜಲ್ಲಿಕಲ್ಲಿನ ಹೊಳೆಗಳಲ್ಲಿ ದೋಣಿ ಓಡಿಸಲು 1950ರ ದಶಕದಲ್ಲಿ ಆತ ಇದನ್ನು ಪಳಗಿಸಿದ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮುತ್ತದೆ, ದೋಣಿ ಮುಂದಕ್ಕೆ ನುಗ್ಗುತ್ತದೆ. ಹೊರಗೆ ಚಾಚಿಕೊಂಡ ಭಾಗ ಯಾವುದೂ ಇಲ್ಲ. ಪಿಕ್ನಿಕ್ ಬೋಟ್ ನೀರಲ್ಲಿ ಮುಳುಗುವುದು ಬರೀ 18 ಇಂಚು. ಬರ್ಮುಡಾ 40ಕ್ಕೆ ತಳದಿಂದ ಕೆಳಕ್ಕೆ ಚಾಚುವ ಕೀಲ್‌ನ ಹಲಗೆಯನ್ನು ಪೂರಾ ಮೇಲೆತ್ತಿಕೊಂಡರೂ ನಾಲ್ಕು ಅಡಿ ನೀರು ಬೇಕಿತ್ತು. ಹೊಸ ದೋಣಿ ಬೆಂಡುಗಳ ಮೇಲೆಯೇ ಹಾದುಹೋಗಬಹುದಿತ್ತು, ದಡದ ಹತ್ತಿರ ಹತ್ತಿರ ಸರಿಯಬಹುದಿತ್ತು. ಈಜುವ ಮಕ್ಕಳ ಕಾಲಿಗೆ ತಾಗುವ ಅಲಗಿಲ್ಲ ಎಂಬುದು ತಾಯಂದಿರಿಗೆ ಎಲ್ಲಕ್ಕಿಂತ ದೊಡ್ಡ ಮಾತಾಗಿತ್ತೆಂದು ನನ್ನ ಊಹೆ.

ಜೆಟ್‌ಗೆ ದೋಷಗಳೂ ಇವೆ. ನಿಧಾನ ವೇಗದಲ್ಲಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಕಡಲಕಳೆ ಹೀರಿಕೊಂಡು ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಧಕ್ಕೆಗೆ, ಅಂದರೆ ದಡದಲ್ಲಿ ದೋಣಿ ನಿಲ್ಲಿಸುವ ಕಟ್ಟೆಗೆ, ಕಟ್ಟುವಾಗ. ಪ್ರೊಪೆಲ್ಲರ್ ದೋಣಿಯಲ್ಲಿ ಗೇರು ತಪ್ಪಿಸಿದರೆ ನೂಕು ನಿಲ್ಲುತ್ತದೆ. ಜೆಟ್ ದೋಣಿಯಲ್ಲಿ ಪಂಪು ಸಾಮಾನ್ಯವಾಗಿ ತಿರುಗುತ್ತಲೇ ಇರುತ್ತದೆ. ಚಿಮ್ಮುವ ನೀರಿಗೆ ಅಡ್ಡಲಾಗಿ ಒಂದು ಬೋಗುಣಿಯಂಥ ತಡೆ ಇಳಿಸಿ, ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಹಂಚಿ ನಿಲ್ಲಿಸಬೇಕು. ಹಿಂದಕ್ಕೆ ಹೋಗುವಾಗ ಚುಕ್ಕಾಣಿ ಎತ್ತ ತಿರುಗಿಸಿದರೆ ಮೂತಿ ಎತ್ತ ಹೋಗುತ್ತದೆ ಎಂಬುದು ಕಲಿತವರಿಗೂ ಗೊಂದಲ. ಹಾಯಿಯ ಭಯ ತೆಗೆದು ಧಕ್ಕೆಯ ಭಯ ಕೊಟ್ಟಂತಾಯಿತು. ಬೋಟಿನವರಿಗೆ ಗೊತ್ತು, ಕಡಲಲ್ಲಿ ಆದ ತಪ್ಪು ಯಾರಿಗೂ ಕಾಣುವುದಿಲ್ಲ. ಧಕ್ಕೆಯಲ್ಲಿ ಮಾತ್ರ ಕಾಫಿ ಲೋಟ ಹಿಡಿದು ನೋಡುತ್ತ ನಿಂತವರು ಸದಾ ಇರುತ್ತಾರೆ.

ಕೆಲವೇ ವರ್ಷಗಳಲ್ಲಿ ಹಿಂಕ್ಲಿ ಇದಕ್ಕೆ ಪರಿಹಾರ ತಂದಿತು. 'ಜೆಟ್‌ಸ್ಟಿಕ್' ಎಂಬ ಒಂದು ಹಿಡಿಕೆ. ಅದನ್ನು ಯಾವ ಕಡೆ ನೂಕುತ್ತೀರೋ ದೋಣಿ ಆ ಕಡೆ ಸರಿಯುತ್ತದೆ. ಎಡಕ್ಕೆ ನೂಕಿದರೆ ಇಡೀ ದೋಣಿ ಎಡಕ್ಕೆ, ಏಡಿಯ ಹಾಗೆ. ಹಿಂದಿನ ಜೆಟ್, ಅದರ ತಡೆ, ಮೂತಿಯನ್ನು ಪಕ್ಕಕ್ಕೆ ನೂಕುವ ಸಣ್ಣ ಥ್ರಸ್ಟರ್, ಮೂರನ್ನೂ ಒಳಗಿನ ಕಂಪ್ಯೂಟರ್ ಒಟ್ಟಿಗೆ ನಡೆಸುತ್ತದೆ. ಕೈಬಿಟ್ಟರೆ ದೋಣಿ ಸುಮ್ಮನೆ ನಿಲ್ಲುತ್ತದೆ. ಗೇರಿಲ್ಲದ ಸ್ಕೂಟರ್ ನಮ್ಮ ಊರುಗಳಲ್ಲಿ ಮಾಡಿದ್ದನ್ನು ನೆನೆಸಿಕೊಳ್ಳಿ. ಅದು ಹಳೆಯ ಗೇರಿನ ಸ್ಕೂಟರಿಗಿಂತ ಅಗ್ಗವಾಗಿ ಬಂದು ಗೆದ್ದದ್ದಲ್ಲ. ಕಿಕ್ ಹೊಡೆಯುವುದು, ಕ್ಲಚ್ ಹಿಡಿಯುವುದು ತಪ್ಪಿತು, ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಕೂತಿದ್ದವರು ಮುಂದೆ ಬಂದರು.

ಇಂದು ಹಿಡಿಕೆಯಿಂದ ದೋಣಿ ಸರಿಸುವುದು ಎಲ್ಲೆಡೆ ಇದೆ. 2000ರ ದಶಕದ ಮಧ್ಯದಲ್ಲಿ ದೋಣಿ ಎಂಜಿನ್ ತಯಾರಿಸುವ ವೋಲ್ವೊ ಪೆಂಟಾ ಇದನ್ನು ಪ್ರೊಪೆಲ್ಲರ್ ದೋಣಿಗಳಿಗೂ ತಂದ ಮೇಲೆ ಅದು ಯಾರೊಬ್ಬರ ವಿಶೇಷವಾಗಿ ಉಳಿಯಲಿಲ್ಲ.

ಮರಿ ತಾಯಿಯನ್ನು ನುಂಗಿದ್ದು

ಪಿಕ್ನಿಕ್ ಬೋಟ್ ನೂರಾರು ಸಂಖ್ಯೆಯಲ್ಲಿ ಹೋಯಿತು. ವರ್ಷಕ್ಕೆ ಆರು ಹಾಯಿದೋಣಿ ಕಟ್ಟಿ ಅಭ್ಯಾಸವಾಗಿದ್ದ ಕಂಪನಿಗೆ ಇದು ಬೇರೆಯೇ ಬದುಕು. ಕೊಂಡವರಲ್ಲಿ ಎರಡು ಬಗೆ. ಎಂದೂ ದೋಣಿ ಇಟ್ಟುಕೊಳ್ಳದ ಹೊಸಬರು ಒಂದು ಕಡೆ. ಇನ್ನೊಂದು ಕಡೆ, ಹಾಯಿ ಎಳೆದು ದಣಿದ ಹಳೆಯ ನಾವಿಕರು. ಇವರು ಕಡಲು ಬಿಡಲು ಮನಸ್ಸಿಲ್ಲದೆ, ಸದ್ದಿನ ಪ್ಲಾಸ್ಟಿಕ್ ಸ್ಪೀಡ್‌ಬೋಟ್ ಏರಲು ನಾಚಿಕೆಯಾಗಿ ನಡುವೆ ಸಿಕ್ಕಿಕೊಂಡಿದ್ದವರು. ಹೊಸಬರಿಗೆಂದು ತೆರೆದ ಬಾಗಿಲಲ್ಲಿ ಹಳಬರಿಗೆ ಗೌರವದಿಂದ ಹೊರಬರುವ ದಾರಿಯೂ ಸಿಕ್ಕಿತು. ಇದು ಲೆಕ್ಕ ಹಾಕಿ ಮಾಡಿದ್ದೋ ಅದೃಷ್ಟವೋ ಎಂದು ವಾದಿಸಬಹುದು. ಅರ್ಧ ಅದೃಷ್ಟ ಎಂದು ನನ್ನ ಮತ.

ದುಡ್ಡಿನ ಇನ್ನೊಂದು ಹರಿವು ಹೊರಗಿನವರಿಗೆ ಸುಲಭದಲ್ಲಿ ಕಾಣುವುದಿಲ್ಲ. ಮೇನ್‌ನ ಚಳಿಯಲ್ಲಿ ದೋಣಿಯನ್ನು ನೀರಿಂದ ಎತ್ತಿ ಷೆಡ್ಡಿನೊಳಗೆ ಇಡಬೇಕು, ವಸಂತದಲ್ಲಿ ವಾರ್ನಿಷ್ ಬಳಿದು ಮತ್ತೆ ಇಳಿಸಬೇಕು. ಹಿಂಕ್ಲಿಗೆ ಈ ಸೇವೆಯೇ ಒಂದು ದೊಡ್ಡ ವ್ಯಾಪಾರ. ರೋಡ್ ಐಲೆಂಡ್, ಫ್ಲಾರಿಡಾಗಳಲ್ಲೂ ಅವರ ಯಾರ್ಡುಗಳಿವೆ. ಒಂದು ದೋಣಿ ಮಾರಿದರೆ ಇಪ್ಪತ್ತು ವರ್ಷದ ಸೇವೆಯ ಗಿರಾಕಿ. ಹಾಯಿದೋಣಿಯ ಒಡೆಯ ಎಷ್ಟೋ ಕೆಲಸ ತಾನೇ ಮಾಡಿಕೊಳ್ಳುತ್ತಾನೆ, ಅದೇ ಅವನ ಹುಚ್ಚು. ಪಿಕ್ನಿಕ್ ಬೋಟಿನ ಒಡೆಯ ಬೀಗದ ಕೈ ಕೊಟ್ಟು ಹೋಗುತ್ತಾನೆ.

ಸಣ್ಣದು ಕೊಂಡವನು ದೊಡ್ಡದಕ್ಕೆ ಏರುತ್ತಾನೆಂಬ ಮೆಟ್ಟಿಲಿನ ಲೆಕ್ಕವೂ ಫಲಿಸಿತು, ಆದರೆ ಬೇರೆ ಮಹಡಿಗೆ. ಹೊಸಬರು ದೊಡ್ಡ ದೋಣಿ ಕೇಳಿದರು, ದೊಡ್ಡ ಹಾಯಿದೋಣಿ ಕೇಳಲಿಲ್ಲ. ದೊಡ್ಡ ಪಿಕ್ನಿಕ್ ಬೋಟನ್ನೇ ಕೇಳಿದರು. 'ತಲೇರಿಯಾ' ಹೆಸರಿನಲ್ಲಿ 44 ಅಡಿ, 40 ಅಡಿಯ ಜೆಟ್ ದೋಣಿಗಳು ಬಂದವು. ಹಾಯಿದೋಣಿ ಹಿಂದಿನ ಷೆಡ್ಡಿಗೆ ಸರಿಯಿತು. ಹಿಂಕ್ಲಿ ಹೆಸರು ಕೇಳಿದರೆ ಈಗಿನವರ ಕಣ್ಮುಂದೆ ಬರುವುದು ಮೋಟಾರ್ ಬೋಟ್.

ಇನ್ನು ಬೆಲೆಯ ಮಾತು. ಹಿಂಕ್ಲಿ ಮುಟ್ಟದೆ ಬಿಟ್ಟ ಕೆಳಗಿನ ಜಾಗ ಖಾಲಿ ಉಳಿಯಲಿಲ್ಲ. ಅದೇ ರಾಜ್ಯದ ಸೇಬರ್ ಕಂಪನಿಯೂ ಮೂಲತಃ ಹಾಯಿದೋಣಿಯವರೇ. ಅವರು 2003ರಲ್ಲಿ 'ಬ್ಯಾಕ್ ಕೋವ್' ಎಂಬ ಬೇರೆ ಹೆಸರು ಹುಟ್ಟಿಸಿ, 29 ಅಡಿಯ ದೋಣಿ ಇಳಿಸಿದರು. ಅದೇ ಲಾಬ್‌ಸ್ಟರ್ ದೋಣಿಯ ಅಂದ, ಒಂದೇ ಎಂಜಿನ್, ಜೆಟ್ ಬದಲು ಸಾದಾ ಪ್ರೊಪೆಲ್ಲರ್. ಬೇರೆ ಹೆಸರು ಇಟ್ಟದ್ದು ಜಾಣತನ, ಅಗ್ಗದ ದೋಣಿಯಿಂದ ಸೇಬರ್ ಹೆಸರಿಗೆ ಸವಕಳಿ ಇಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ರೇಸ್ ಹಾಯಿದೋಣಿಗಳ ಜೆ ಬೋಟ್ಸ್ ಕಂಪನಿಯ ಸ್ಥಾಪಕರಲ್ಲೊಬ್ಬನಾದ ಬಾಬ್ ಜಾನ್‌ಸ್ಟನ್ ಎಂಜೆಎಂ ಯಾಟ್ಸ್ ತೆರೆದು 34 ಅಡಿಯ ವಿಹಾರದೋಣಿ ತಂದ. ಹೀಗೆ ಹಾಯಿಯವರೇ ಒಬ್ಬೊಬ್ಬರಾಗಿ ಹಾಯಿ ಇಳಿಸುತ್ತ ಬಂದರು.

ಇತ್ತ ಪಿಕ್ನಿಕ್ ಬೋಟ್ ತಾನೇ ಬೆಳೆಯತೊಡಗಿತು. 36 ಇದ್ದದ್ದು 37 ಆಯಿತು. ಪ್ರವೇಶದ ಬಾಗಿಲೆಂದು ತೆರೆದದ್ದು ಮೇಲ್ಮಹಡಿ ಸೇರಿದ ಮೇಲೆ ಕೆಳಗೆ ಇನ್ನೊಂದು ಬಾಗಿಲು ಕೊರೆಯಬೇಕಾಯಿತು, 34 ಅಡಿಯ ಪಿಕ್ನಿಕ್ ಬೋಟ್ ಬಂದದ್ದು ಹಾಗೆ. ಅದರ ನಂತರ 40ರ ಮಾದರಿಯೂ ಬಂತು.

ಮತ್ತೊಮ್ಮೆ ಅದೇ ಪ್ರಶ್ನೆ

ಶೆಪರ್ಡ್ ಮೆಕೆನಿ ಏನಾದ? ಹಿಂಕ್ಲಿಯಿಂದ ಹೊರಬಂದ ಮೇಲೆ ಜಾನ್ ಆಡಮ್ಸ್ ಎಂಬ ಎಂಜಿನಿಯರ್ ಜೊತೆ 'ಸೀಕೀಪರ್' ಕಂಪನಿ ಕಟ್ಟಿದ. ದೋಣಿಯೊಳಗೆ ಒಂದು ಭಾರದ ಚಕ್ರ ನಿರ್ವಾತದಲ್ಲಿ ರಭಸದಿಂದ ತಿರುಗುತ್ತದೆ, ಅದರ ಬಲದಿಂದ ದೋಣಿಯ ಹೊಯ್ದಾಟ ತಗ್ಗುತ್ತದೆ. ಜನರನ್ನು ದೋಣಿಯಿಂದ ದೂರ ಇಡುವ ಕಾರಣಗಳಲ್ಲಿ ಧಕ್ಕೆಯ ಭಯವಾದ ಮೇಲೆ ಮುಂದಿನದು ಹೊಟ್ಟೆ ತೊಳಸುವುದು ತಾನೇ.

ಹಿಂಕ್ಲಿ 2017ರಲ್ಲಿ ಇನ್ನಷ್ಟು ಕೆಳಗಿಳಿದು ನೋಡಿತು. 'ಡ್ಯಾಶರ್', ಉದ್ದ 28 ಅಡಿ 6 ಇಂಚು, ಪೂರ್ತಿ ವಿದ್ಯುತ್ ದೋಣಿ. 80 ಅಶ್ವಶಕ್ತಿಯ ಎರಡು ಮೋಟಾರು, ಬಿಎಂಡಬ್ಲ್ಯು ಐ3 ಕಾರಿನ ಬ್ಯಾಟರಿಗಳು, ಕೆಲವು ಬಿಡಿಭಾಗ 3ಡಿ ಮುದ್ರಣದವು. ತೂಕ ಉಳಿಸಲು ತೇಗದ ಮರವನ್ನೂ ಬಿಟ್ಟರು. ಹಗುರ ಅಚ್ಚಿನ ಮೇಲೆ ಕುಶಲಕರ್ಮಿಗಳು ತೇಗದ ಗೆರೆಗಳನ್ನು ಕೈಯಾರೆ ಚಿತ್ರಿಸಿದರು. ತೇಗದ ಕೆಲಸಕ್ಕೆ ಹೆಸರಾದ ಯಾರ್ಡು ತೇಗದ ಚಿತ್ರ ಬರೆದದ್ದನ್ನು ಓದಿ ನನಗೆ ನಗುವೂ ಬಂತು, ಕೆಲಸದ ನಯಕ್ಕೆ ಮೆಚ್ಚುಗೆಯೂ ಆಯಿತು.

ಕಂಪನಿ ಕೊಟ್ಟ ಲೆಕ್ಕದಂತೆ ಗಂಟೆಗೆ 10 ಮೈಲಿ ವೇಗದಲ್ಲಿ ಅದು 40 ಮೈಲಿ ಹೋಗುತ್ತದೆ. ಕಾಗದದ ಮೇಲೆ ಒಂದು ಪಿಕ್ನಿಕ್ಕಿಗೆ ಅದು ಬೇಕಾದಷ್ಟು. ಆದರೆ ಪಿಕ್ನಿಕ್ ಬೋಟ್ ತೆರೆದಂಥ ಬಾಗಿಲನ್ನು ಡ್ಯಾಶರ್ ತೆರೆಯಲಿಲ್ಲ. ಪತ್ರಿಕೆಗಳು ಬರೆದವು, ಪ್ರದರ್ಶನಗಳಲ್ಲಿ ಜನ ಮುಗಿಬಿದ್ದು ನೋಡಿದರು, ಕೊಳ್ಳುವವರ ಸಾಲು ಹಾಗೆ ಬೆಳೆಯಲಿಲ್ಲ. ನನಗೆ ಕಾಣುವ ಕಾರಣ ಇಷ್ಟು. ಪಿಕ್ನಿಕ್ ಬೋಟ್ ಹತ್ತುವವನ ತಲೆಯಿಂದ ಒಂದೊಂದೇ ಚಿಂತೆ ಇಳಿಸಿತ್ತು: ಗಾಳಿ, ಹಗ್ಗ, ಆಳ, ಧಕ್ಕೆ. ಡ್ಯಾಶರ್ ಒಂದು ಹೊಸ ಚಿಂತೆ ಏರಿಸಿತು. ದ್ವೀಪದ ಕಲ್ಲಿನ ಮೇಲೆ ಕೂತು ಊಟ ಬಿಚ್ಚಿದವನು ಬ್ಯಾಟರಿ ಎಷ್ಟು ಉಳಿದಿದೆ ಎಂದು ಎದ್ದು ಹೋಗಿ ನೋಡಿ ಬರುವಂತಾದರೆ ಅದು ಪಿಕ್ನಿಕ್ ಹೇಗಾದೀತು.

ಹಾಯಿಯನ್ನು ಹಿಂಕ್ಲಿ ಪೂರ್ತಿ ಬಿಟ್ಟುಕೊಡಲಿಲ್ಲ. ಅದೇ ದ್ವೀಪದಲ್ಲಿ ಹುಟ್ಟಿದ ಮಾರಿಸ್ ಯಾಟ್ಸ್ ಎಂಬ ಹಾಯಿದೋಣಿ ಕಂಪನಿಯನ್ನು 2016ರಲ್ಲಿ ಕೊಂಡಿತು. ಹೆಚ್ಚುಕಡಿಮೆ ಡ್ಯಾಶರ್ ಬಂದ ಹೊತ್ತಿಗೇ, ಹಳೆಯ ಹೆಸರನ್ನು ಮತ್ತೆ ಎತ್ತಿಕೊಂಡು 'ಬರ್ಮುಡಾ 50' ಎಂಬ ಹೊಸ ಹಾಯಿದೋಣಿಯನ್ನೂ ಕಟ್ಟಿತು. ಹೊಸಬರಿಗೆ ಎಂದು ಅದನ್ನು ಯಾರೂ ಹೇಳಲಿಲ್ಲ. ವಿನ್ಯಾಸಕಾರನ ಹೆಸರು ಬಿಲ್ ಟ್ರಿಪ್, ಬರ್ಮುಡಾ 40ರ ಗೆರೆ ಎಳೆದ ಟ್ರಿಪ್‌ನ ಮಗ.